ಟೊರಾಂಟೊದ ಹಳೇ ಇಟ್ಟಿಗೆ ಕಾರ್ಖಾನೆ: ಮೊದಲು ಸುತ್ತಾಡಿ, ಆಮೇಲೆ ದುಡ್ಡು ಕೊಡಿ

ಡಿಸೆಂಬರ್ ಬಂತು ಅಂದರೆ ನಮ್ಮ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಯಾವ ಚಾರಿಟಿಗೆ ಕೊಟ್ರೆ ಒಳ್ಳೇದು? ತೆರಿಗೆ ರಸೀದಿ ಸಿಗೋ ಥರ ಇರಲಿ." ಟೊರಾಂಟೊ ಕಡೆ ಇರುವವರಿಗೆ ನನ್ನ ಉತ್ತರ ಒಂದೇ. ಒಂದು ಶನಿವಾರ ಬೆಳಿಗ್ಗೆ ಎವರ್‌ಗ್ರೀನ್ ಬ್ರಿಕ್ ವರ್ಕ್ಸ್‌ಗೆ ಹೋಗಿ ಬನ್ನಿ. ಎವರ್‌ಗ್ರೀನ್ ಎಂಬ ಪರಿಸರ ಚಾರಿಟಿ ನಡೆಸುವ ಹಳೇ ಇಟ್ಟಿಗೆ ಕಾರ್ಖಾನೆ ಅದು. ಕೊಡೋದು ಬಿಡೋದು ಆಮೇಲೆ ನೋಡೋಣ.

ಕೆನಡಾದಲ್ಲಿ ನೋಂದಾಯಿತ ಚಾರಿಟಿಗಳು 80 ಸಾವಿರಕ್ಕೂ ಜಾಸ್ತಿ ಇವೆ. ಅವುಗಳಲ್ಲಿ ಹೆಚ್ಚಿನವು ನಮ್ಮ ಪಾಲಿಗೆ ಒಂದು ಹೆಸರು, ಒಂದು ಲೋಗೋ, ಒಂದು ಇಮೇಲ್ ಅಷ್ಟೇ. ಇದು ಹಾಗಲ್ಲ. ಇದರೊಳಗೆ ನಡೆದು ಹೋಗಬಹುದು, ಮುಟ್ಟಬಹುದು, ಕೂತು ಕಾಫಿ ಕುಡಿಯಬಹುದು. ಕೊಟ್ಟ ದುಡ್ಡು ಎಲ್ಲಿಗೆ ಹೋಯಿತು ಅಂತ ಕಣ್ಣಿಂದ ನೋಡಬಹುದು. ನಾನು ಈ ಜಾಗದ ಬಗ್ಗೆ ಉದ್ದಕ್ಕೆ ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ನಾನು ಮಾಲೂರಿನವನು. ಕೋಲಾರ ಜಿಲ್ಲೆಯ ಮಾಲೂರು ಅಂದರೆ ಹೆಂಚು, ಇಟ್ಟಿಗೆ. ಅಪ್ಪ ಕೆಲಸ ಮುಗಿಸಿ ಮನೆಗೆ ಬಂದರೆ ಅಂಗಿ ಮೇಲೆ ಕೆಂಪು ಧೂಳು. ಹೆಂಚಿನ ಕಾರ್ಖಾನೆಯ ಮೇಸ್ತ್ರಿಯ ಮಗ ಟೊರಾಂಟೊಗೆ ಬಂದು ಇಟ್ಟಿಗೆ ಕಾರ್ಖಾನೆಯನ್ನೇ ಹುಡುಕಿಕೊಂಡು ಹೋಗುತ್ತಾನೆ ಅಂತ ಹೆಂಡತಿ ನಗುತ್ತಾಳೆ. ನಗಲಿ ಬಿಡಿ.

ಜಾಗ ಇರುವುದು 550 ಬೇವ್ಯೂ ಅವೆನ್ಯೂ, ಡಾನ್ ನದಿಯ ಕಣಿವೆಯಲ್ಲಿ. ಊರಿನ ನಟ್ಟನಡುವೆಯೇ ಇದ್ದರೂ ಕೆಳಗೆ ಇಳಿದ ಮೇಲೆ ಊರು ಕಾಣುವುದಿಲ್ಲ. ಬ್ರಾಡ್‌ವ್ಯೂ ಸಬ್‌ವೇ ಸ್ಟೇಷನ್ ಹತ್ತಿರದಿಂದ ಅವರದೇ ಶಟಲ್ ಬಸ್ ಇದೆ, ದುಡ್ಡಿಲ್ಲ. ಹೊರಡುವ ಮುಂಚೆ ವೇಳೆ ನೋಡಿಕೊಂಡರೆ ಸಾಕು. ಡೇವಿಸ್‌ವಿಲ್ ಸ್ಟೇಷನ್‌ನಿಂದ ಟಿಟಿಸಿಯ, ಅಂದರೆ ನಗರ ಸಾರಿಗೆಯ, 28ನೇ ನಂಬರ್ ಬಸ್ಸೂ ಬರುತ್ತದೆ. ಕಾರಿನಲ್ಲಿ ಹೋದರೆ ಪಾರ್ಕಿಂಗ್‌ಗೆ ಹಣ ಕೊಡಬೇಕು, ಶನಿವಾರ ಹತ್ತು ಗಂಟೆ ದಾಟಿದರೆ ಜಾಗ ಸಿಗುವುದೂ ಕಷ್ಟ. ನಡೆಯುವ ಅಭ್ಯಾಸ ಇದ್ದರೆ ಮೂರ್ ಪಾರ್ಕ್ ಕಣಿವೆಯ ದಾರಿ ಹಿಡಿದು ಬನ್ನಿ. ಉದ್ದಕ್ಕೂ ಮರಗಳ ನೆರಳು. ನನ್ನ ಮಟ್ಟಿಗೆ ಅದೇ ಸರಿಯಾದ ದಾರಿ. ಆದರೆ ಮಂಡಿನೋವಿನ ಅತ್ತೆಯನ್ನು ಕರೆದುಕೊಂಡು ಹೋಗುವವರು ಶಟಲ್ ಹತ್ತಿ.

ಈಗ ಇಟ್ಟಿಗೆ ವಿಷಯಕ್ಕೆ ಬರೋಣ.

1882ರಲ್ಲಿ ವಿಲಿಯಂ ಟೇಲರ್ ಎಂಬಾತ ಬೇಲಿ ಕಂಬ ನೆಡಲು ಗುಂಡಿ ತೋಡುತ್ತಿದ್ದಾಗ ಇಲ್ಲಿ ಒಳ್ಳೇ ಜೇಡಿಮಣ್ಣು ಸಿಕ್ಕಿತಂತೆ. ಅವನು ಮತ್ತು ಅವನ ಅಣ್ಣತಮ್ಮಂದಿರು ಸೇರಿ 1889ರಲ್ಲಿ ಕಾರ್ಖಾನೆ ಶುರುಮಾಡಿದರು. ಅದು ಸುಮಾರು ನೂರು ವರ್ಷ, 1984ರವರೆಗೆ ನಡೆಯಿತು. 1904ರ ಏಪ್ರಿಲ್‌ನಲ್ಲಿ ಟೊರಾಂಟೊ ಪೇಟೆಗೆ ದೊಡ್ಡ ಬೆಂಕಿ ಬಿತ್ತು. ಆಮೇಲೆ ಮರದ ಕಟ್ಟಡ ಬೇಡ, ಇಟ್ಟಿಗೆಯೇ ಬೇಕು ಅಂತ ಎಲ್ಲರೂ ಹೇಳಲು ಶುರುಮಾಡಿದರು. ಇವರ ವ್ಯಾಪಾರ ಏರಿತು. ಓಲ್ಡ್ ಸಿಟಿ ಹಾಲ್, ಮ್ಯಾಸಿ ಹಾಲ್ ಎಂಬ ಸಂಗೀತ ಸಭಾಂಗಣ, ಕಾಸಾ ಲೋಮಾ ಎಂಬ ಅರಮನೆ, ಎಲ್ಲದರಲ್ಲೂ ಈ ಗುಂಡಿಯ ಮಣ್ಣಿದೆ. ಊರಿಂದ ಬಂದ ನೆಂಟರನ್ನು ಕಾಸಾ ಲೋಮಾಗೆ ಕರೆದೊಯ್ದು ಟಿಕೆಟ್ಟಿಗೆ ದುಡ್ಡು ಸುರಿಯುತ್ತೇವಲ್ಲ, ಅದು ಹುಟ್ಟಿದ ಜಾಗಕ್ಕೆ ಟಿಕೆಟ್ಟೇ ಇಲ್ಲ.

ಇಟ್ಟಿಗೆ ಸುಡುವ ಗೂಡಿನ ಕಟ್ಟಡದೊಳಗೆ ಹೋಗಿ. ಉದ್ದಕ್ಕೆ ಸುರಂಗದ ಥರದ ಗೂಡುಗಳಿವೆ. ಹಸಿ ಇಟ್ಟಿಗೆ ಪೇರಿಸಿದ ಬಂಡಿಯನ್ನು ಹಳಿ ಮೇಲೆ ಒಂದು ಕಡೆಯಿಂದ ತಳ್ಳುವುದು. ಅದು ನಿಧಾನಕ್ಕೆ ಬೆಂಕಿ ದಾಟಿ ಇನ್ನೊಂದು ಕಡೆ ಬೆಂದು ಹೊರಗೆ ಬರುವುದು. ನಮ್ಮ ಕಡೆ ಹಳ್ಳಿ ಇಟ್ಟಿಗೆ ಸುಡುವ ರೀತಿ ಇದಕ್ಕೆ ತಿರುಗುಮುರುಗು. ಅಲ್ಲಿ ಇಟ್ಟಿಗೆ ಇದ್ದಲ್ಲೇ ಇರುತ್ತದೆ, ಬೆಂಕಿ ಹಾಕಿ, ಆರಿಸಿ, ಗೂಡನ್ನೇ ಬಿಚ್ಚಬೇಕು. ನೀಲಗಿರಿ ಸೌದೆ ತುಂಬಿದ ಲಾರಿಗಳು ಸಾಲಾಗಿ ನಿಂತಿರುತ್ತಿದ್ದವು. ಇಲ್ಲಿನ ಕಾರ್ಖಾನೆ ಮುಚ್ಚಿ ಖಾಲಿ ಬಿದ್ದಿದ್ದ ವರ್ಷಗಳಲ್ಲಿ ಹುಡುಗರು ರಾತ್ರಿ ನುಗ್ಗಿ ಗೋಡೆ ತುಂಬ ಬಣ್ಣದ ಸ್ಪ್ರೇಯಲ್ಲಿ ಬರೆದರು. ಎವರ್‌ಗ್ರೀನ್‌ನವರು ಅದನ್ನು ಅಳಿಸಲಿಲ್ಲ, ಹಾಗೇ ಇಟ್ಟರು. ಅದು ನನಗೆ ಬಹಳ ಹಿಡಿಸಿತು. ಸುಣ್ಣ ಬಳಿದು ಹೊಸದು ಮಾಡಿ ಫಲಕ ಹಾಕುವವರೇ ಜಾಸ್ತಿ. ಇವರು ಮಸಿಯನ್ನೂ ಬಿಟ್ಟರು, ಪುಂಡರ ಚಿತ್ರವನ್ನೂ ಬಿಟ್ಟರು.

ಅಪ್ಪ ಇಲ್ಲಿಗೆ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ಬೇರೆ ಎಲ್ಲೂ ಅಷ್ಟು ಹೊತ್ತು ನಿಂತವರಲ್ಲ. ನಯಾಗರ ನೋಡಿ "ನೀರು ಜಾಸ್ತಿ ಇದೆ" ಅಂದು ಬಂದು ಕಾರಲ್ಲಿ ಕೂತವರು. ಇಲ್ಲಿ ಮಾತ್ರ ಗೋಡೆಗೆ ಕಿವಿ ಇಟ್ಟು ಬೆರಳ ಗೆಣ್ಣಿನಿಂದ ತಟ್ಟಿದರು. ಅಂಗಳದ ಮೂಲೆಯಲ್ಲಿ ಬಿಡಿ ಇಟ್ಟಿಗೆಗಳಿದ್ದವು. ಎರಡನ್ನು ಎತ್ತಿ ಒಂದಕ್ಕೊಂದು ಬಡಿದರು. ಟಣ್ ಅಂತು. ಚೆನ್ನಾಗಿ ಬೆಂದ ಇಟ್ಟಿಗೆ ಟಣ್ ಅನ್ನಬೇಕು, ಬೇಯದ್ದು ಡಬ್ ಅನ್ನುತ್ತದೆ. ಉಗುರಿನಿಂದ ಗೀರಿ ನೋಡಿದರು, ಗೆರೆ ಬೀಳಲಿಲ್ಲ. ಬೂದು ಬಣ್ಣದ ಅಂಚನ್ನು ಮೂಗಿನ ಹತ್ತಿರ ಹಿಡಿದು, "ಮಣ್ಣು ಒಳ್ಳೇದು ಕಣೋ, ಮರಳು ಹದವಾಗಿ ಬಿದ್ದಿದೆ" ಅಂದರು. ಆಮೇಲೆ ಗೂಡಿನ ಉದ್ದ ನೋಡಿ, "ಅಲ್ವೋ, ಇಷ್ಟು ದೊಡ್ಡ ಗೂಡು ಇಟ್ಕೊಂಡು ಒಂದು ಇಟ್ಟಿಗೆನೂ ಸುಡಲ್ವಾ? ಏನ್ ಮಾಡ್ತಾರೆ ಮತ್ತೆ ಇಲ್ಲಿ?" ಅಂತ ಕೇಳಿದರು. ಮದುವೆ ಮಾಡಿಸ್ತಾರೆ ಅಂದೆ. ನಂಬಲಿಲ್ಲ.

ತಮಾಷೆಯಲ್ಲ, ನಿಜ. ಈ ಚಾರಿಟಿ ಬರೀ ದಾನ ನೆಚ್ಚಿಕೊಂಡು ಕೂತಿಲ್ಲ. ಮದುವೆಗೆ, ಆಫೀಸಿನವರ ಸಭೆಗಳಿಗೆ ಕಟ್ಟಡಗಳನ್ನು ಬಾಡಿಗೆಗೆ ಕೊಡುತ್ತದೆ. ಪಾರ್ಕಿಂಗ್ ಇದೆ, ಸಂತೆ ಇದೆ. ಜೊತೆಗೆ ದಾನಿಗಳು, ಸರಕಾರದ ನೆರವು. ಜಾಗ ಸಾರ್ವಜನಿಕರದ್ದು. ಕಾರ್ಖಾನೆ ಮುಚ್ಚಿದ ಮೇಲೆ ಮನೆ ಕಟ್ಟುವವರ ಕೈಗೆ ಹೋಗಿತ್ತು. ಪ್ರವಾಹ ಬರುವ ಜಾಗದಲ್ಲಿ ಮನೆ ಬೇಡ ಅಂತ ಜನ ಎದ್ದು ನಿಂತರು, ಸರಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು. ಎವರ್‌ಗ್ರೀನ್ ಸಂಸ್ಥೆ ಹುಟ್ಟಿದ್ದು 1991ರಲ್ಲಿ. ಊರೊಳಗೆ ಮರ ನೆಡುವುದು, ಶಾಲೆಗಳ ಡಾಂಬರು ಅಂಗಳ ಒಡೆದು ಗಿಡ, ನೆರಳು, ಮಣ್ಣು ತರುವುದು ಅವರ ಮೊದಲಿನಿಂದಲೂ ಇರುವ ಕೆಲಸ. ಹಳೇ ಕಾರ್ಖಾನೆಯನ್ನು ಸರಿಮಾಡಿ 2010ರಲ್ಲಿ ಬಾಗಿಲು ತೆರೆದರು.

ಪ್ರವಾಹದ ಮಾತು ಸುಮ್ನೆ ಅಲ್ಲ. 1954ರ ಅಕ್ಟೋಬರಿನಲ್ಲಿ ಹೇಜಲ್ ಚಂಡಮಾರುತ ಬಂದು ಈ ಕಡೆ 81 ಜನ ಸತ್ತರು. ನದಿ ಕಣಿವೆಗಳಲ್ಲಿ ಮನೆ ಕಟ್ಟಬಾರದು ಅಂತ ಟೊರಾಂಟೊ ಪಾಠ ಕಲಿತದ್ದು ಆಗ. ಇವತ್ತು ನಗರದ ತುಂಬ ಹಸಿರು ಕಣಿವೆಗಳು ಉಳಿದಿರುವುದಕ್ಕೆ ಅದು ಒಂದು ದೊಡ್ಡ ಕಾರಣ. 2024ರ ಜುಲೈ 16ರ ಮಳೆಯಲ್ಲಿ ಪಕ್ಕದ ಡಾನ್ ವ್ಯಾಲಿ ಪಾರ್ಕ್‌ವೇ ಮೇಲೆ ಕಾರುಗಳು ತೇಲಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೀರಿ. ಬ್ರಿಕ್ ವರ್ಕ್ಸ್ ಅಂಗಳಕ್ಕೂ ನೀರು ಬಂತು. ಆದ್ದರಿಂದ ಜೋರು ಮಳೆ ಅಂತ ಮುನ್ಸೂಚನೆ ಇದ್ದ ದಿನ ಹೋಗಬೇಡಿ.

ಕಟ್ಟಡದ ಹಿಂದೆ ಮಣ್ಣು ತೆಗೆದ ಗುಂಡಿ ಇದೆ. ಈ ಜಾಗದ ಜೀವ ಇರುವುದು ಅಲ್ಲೇ. ಹೆಚ್ಚಿನವರು ಸಂತೆ ಮುಗಿಸಿ ಕಾಫಿ ಹಿಡಿದುಕೊಂಡು ಹೊರಟುಬಿಡುತ್ತಾರೆ, ಹಿಂದಕ್ಕೆ ಹೋಗುವುದೇ ಇಲ್ಲ. ನೀವು ಹಾಗೆ ಮಾಡಬೇಡಿ. ಗುಂಡಿಯಲ್ಲಿ ಈಗ ಕೊಳಗಳಿವೆ. ಮಡ್ ಕ್ರೀಕ್ ಎಂಬ ತೊರೆಯ ನೀರನ್ನು ಒಂದರಿಂದ ಇನ್ನೊಂದಕ್ಕೆ ಹರಿಸಿ, ಕೊಳೆ ಕೆಳಗೆ ಕೂರಿಸಿ, ಆಮೇಲೆ ಡಾನ್ ನದಿಗೆ ಬಿಡುತ್ತಾರೆ. 1969ರಲ್ಲಿ ಇದೇ ಡಾನ್ ನದಿ ಸತ್ತೇಹೋಯಿತು ಅಂತ ಪೊಲ್ಯೂಶನ್ ಪ್ರೋಬ್ ಎಂಬ ಪರಿಸರ ಗುಂಪಿನ ವಿದ್ಯಾರ್ಥಿಗಳು ಬೀದಿಯಲ್ಲಿ ಅದರ ಶವಯಾತ್ರೆಯನ್ನೇ ಮಾಡಿದ್ದರು. ಈಗ ಕೊಳದ ದಂಡೆಯಲ್ಲಿ ನೀಲಿ ಕೊಕ್ಕರೆ ನಿಂತಿರುತ್ತದೆ. ದಿಮ್ಮಿ ಮೇಲೆ ಆಮೆಗಳು ಸಾಲಾಗಿ ಬಿಸಿಲು ಕಾಯಿಸುತ್ತವೆ. ಅದರಲ್ಲಿ ಕೆಲವು ಕಿವಿ ಹತ್ತಿರ ಕೆಂಪು ಪಟ್ಟೆ ಇರುವವು. ಅವು ಇಲ್ಲಿನವಲ್ಲ. ಅಂಗಡಿಯಿಂದ ಪುಟ್ಟದಾಗಿ ತಂದು, ದೊಡ್ಡದಾದ ಮೇಲೆ ಬೇಜಾರಾಗಿ ತಂದು ಬಿಟ್ಟವರದ್ದು. ದಯವಿಟ್ಟು ಆ ಕೆಲಸ ಮಾಡಬೇಡಿ, ಬಂಗಾರದ ಮೀನನ್ನೂ ತಂದು ಬಿಡಬೇಡಿ. ಜೂನ್ ತಿಂಗಳಲ್ಲಿ ತಲೆಗೆ ಟೋಪಿ ಇರಲಿ. ಹೆಗಲ ಮೇಲೆ ಕೆಂಪು ಮಚ್ಚೆ ಇರುವ ಕಪ್ಪು ಹಕ್ಕಿ ಗೂಡು ಕಟ್ಟಿರುತ್ತದೆ, ಹತ್ತಿರ ಹೋದವರ ನೆತ್ತಿಗೇ ಕುಕ್ಕುತ್ತದೆ.

ಉತ್ತರದ ಕಡೆ ಮಣ್ಣಿನ ಗೋಡೆಯೊಂದು ಹಾಗೇ ನಿಂತಿದೆ. ನೋಡಲು ಬರೀ ದಿಬ್ಬ. ಆದರೆ ಭೂವಿಜ್ಞಾನ ಓದಿದವರು ಇದಕ್ಕಾಗಿ ದೂರದಿಂದ ಬರುತ್ತಾರೆ. ಎ.ಪಿ. ಕೋಲ್‌ಮನ್ ಎಂಬ ವಿಜ್ಞಾನಿ ನೂರು ವರ್ಷಕ್ಕೂ ಹಿಂದೆ ಇಲ್ಲಿ ನಿಂತು ಪದರ ಪದರವಾಗಿ ಓದಿದ. ಕೆಳಗೊಂದು ಹಿಮಯುಗದ ಕೆಸರು, ಮೇಲೊಂದು ಹಿಮಯುಗದ ಕೆಸರು, ನಡುವೆ ಬೆಚ್ಚಗಿದ್ದ ಕಾಲದ ಮರಳು. ಅಂದರೆ ಹಿಮ ಒಂದೇ ಸಲ ಬಂದು ಹೋದದ್ದಲ್ಲ, ಬಂದು, ಹೋಗಿ, ಮತ್ತೆ ಬಂತು. ಆ ನಡುವಿನ ಪದರದಲ್ಲಿ ಈಗ ಇಲ್ಲಿಂದ ದಕ್ಷಿಣಕ್ಕೆ ಬೆಳೆಯುವ ಮರಗಳ ಗುರುತು ಸಿಕ್ಕಿದೆ, ಕರಡಿ ಗಾತ್ರದ ಬೀವರ್ ಪ್ರಾಣಿಯ ಮೂಳೆಯೂ ಸಿಕ್ಕಿದೆ. ಆಗ ಟೊರಾಂಟೊ ಇವತ್ತಿಗಿಂತ ಬೆಚ್ಚಗಿತ್ತಂತೆ. ಜನವರಿಯಲ್ಲಿ ಇದನ್ನು ಓದಿದರೆ ಸಂಕಟವಾಗುತ್ತದೆ.

ನಮ್ಮೂರ ಸುತ್ತ ಮಣ್ಣು ತೆಗೆದ ಗುಂಡಿಗಳು ಎಷ್ಟಿವೆಯೋ. ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಉಳಿದ ಕಾಲ ಕಸ. ಅಲ್ಲೂ ಕೊಕ್ಕರೆ ಬರುತ್ತದೆ, ಯಾರೂ ಕರೆಯದಿದ್ದರೂ. ಬರೀ ಒಂದು ಬೇಲಿ, ಒಂದು ಕಾಲುದಾರಿ, ಕಸ ಹಾಕದಂತೆ ನೋಡಿಕೊಳ್ಳುವ ಹತ್ತು ಜನ, ಇಷ್ಟಿದ್ದರೆ ಅರ್ಧ ಕೆಲಸ ಆಗುತ್ತದೆ ಅಂತ ಇಲ್ಲಿ ನಡೆಯುವಾಗಲೆಲ್ಲ ಅನ್ನಿಸುತ್ತದೆ. ಅಪ್ಪನಿಗೆ ಹೇಳಿದರೆ, "ಆ ಹತ್ತು ಜನ ಯಾರು, ನೀನು ಬರ್ತೀಯಾ?" ಅಂತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಮುಂದಕ್ಕೆ ಹೋಗೋಣ.

ಸಂತೆ. ಶನಿವಾರ ಬೆಳಿಗ್ಗೆ, ವರ್ಷಪೂರ್ತಿ ಇರುತ್ತದೆ, ಮಧ್ಯಾಹ್ನ ಒಂದರ ಹೊತ್ತಿಗೆ ಮುಗಿಯುತ್ತದೆ. ಒಂಟಾರಿಯೊದ ರೈತರೇ ತಂದು ಮಾರುವುದು. ಬೆಲೆ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಜೆರಾರ್ಡ್ ಸ್ಟ್ರೀಟಿನ, ಬ್ರ್ಯಾಂಪ್ಟನ್‌ನ ನಮ್ಮವರ ಅಂಗಡಿಗಳಲ್ಲಿ ಬೆಂಡೆಕಾಯಿ, ಕೊತ್ತಂಬರಿ ಕೊಂಡು ಅಭ್ಯಾಸ ಇರುವವರಿಗೆ ಮೊದಲ ಸಲ ಎದೆ ಧಸಕ್ ಅನ್ನುತ್ತದೆ. ವಾರದ ತರಕಾರಿಗೆ ಇಲ್ಲಿಗೆ ಬರಬೇಡಿ. ಆಯಾ ಕಾಲದಲ್ಲಿ ಮಾತ್ರ ಸಿಗುವುದನ್ನು ಕೊಳ್ಳಿ. ಮಾರ್ಚಿನಲ್ಲಿ ಮೇಪಲ್ ಸಿರಪ್. ಮೇ ತಿಂಗಳಲ್ಲಿ ಶತಾವರಿ ಚಿಗುರು, ಅಂದರೆ ಅಸ್ಪಾರಗಸ್. ಸಣ್ಣಗೆ ಹೆಚ್ಚಿ, ಒಗ್ಗರಣೆ ಹಾಕಿ, ತೆಂಗಿನತುರಿ ಉದುರಿಸಿ ಪಲ್ಯ ಮಾಡಿ ನೋಡಿ, ಹುರುಳಿಕಾಯಿ ಪಲ್ಯ ಮರೆತುಹೋಗುತ್ತದೆ. ಜೂನ್ ಕೊನೆಗೆ ಬೆಳ್ಳುಳ್ಳಿಯ ಹೂದಂಟು ಬರುತ್ತದೆ, ಹಸಿರಾಗಿ ಸುರುಳಿ ಸುತ್ತಿಕೊಂಡು. ಚಟ್ನಿಗೆ ಅದರಷ್ಟು ಒಳ್ಳೇದು ಇನ್ನೊಂದಿಲ್ಲ. ಕಡಲೆಬೇಳೆ, ಒಣಮೆಣಸಿನಕಾಯಿ ಹುರಿದು, ಹುಣಸೆ ಸೇರಿಸಿ ರುಬ್ಬಿ. ಆಗಸ್ಟ್‌ನಲ್ಲಿ ನಯಾಗರ ಕಡೆಯ ಪೀಚ್ ಹಣ್ಣು. ಸೆಪ್ಟೆಂಬರಿನಲ್ಲಿ ಮ್ಯಾಕಿಂಟಾಶ್ ಸೇಬು. ಇದು ಒಂಟಾರಿಯೊದಲ್ಲೇ ಹುಟ್ಟಿದ ತಳಿ. ಹುಳಿ ಇರುವುದರಿಂದ ಉಪ್ಪಿನಕಾಯಿಗೂ ಬರುತ್ತದೆ.

ಚಿಮಣಿಯ ಬುಡದಲ್ಲಿ ಮಕ್ಕಳ ತೋಟ ಇದೆ. ಹಿಂದೆ ನಾಲ್ಕು ಚಿಮಣಿ ಇದ್ದವಂತೆ, ಒಂದೊಂದರ ಮೇಲೂ ಕಾರ್ಖಾನೆ ಹೆಸರಿನ ಒಂದೊಂದು ಪದ. ಈಗ ಉಳಿದಿರುವುದು ಒಂದೇ, ಅದರ ಮೇಲೆ 'ವ್ಯಾಲಿ' ಅಂತ ಬಿಳಿ ಅಕ್ಷರ. ಕೆಳಗೆ ಮಕ್ಕಳಿಗೆ ಮಣ್ಣು, ನೀರು, ಕೋಲು. ಪ್ಲಾಸ್ಟಿಕ್ ಜಾರುಬಂಡೆ ಇಲ್ಲ. ಶಾಲೆಗಳಿಂದಲೂ ಮಕ್ಕಳು ಬರುತ್ತಾರೆ. ಹೊಳೆಯುವ ಬಿಳಿ ಷೂ ಹಾಕಿಸಿ ಕರೆದುಕೊಂಡು ಹೋದರೆ ಅದು ಅಪ್ಪಅಮ್ಮಂದಿರ ತಪ್ಪು, ಜಾಗದ್ದಲ್ಲ.

ದೊಡ್ಡ ಮಕ್ಕಳಿರುವ ಮನೆಯವರು ಇದನ್ನು ಗಮನಿಸಿ. ಒಂಟಾರಿಯೊದಲ್ಲಿ ಹೈಸ್ಕೂಲ್ ಮುಗಿಸಬೇಕಾದರೆ 40 ಗಂಟೆ ಸಮಾಜಸೇವೆ ಮಾಡಲೇಬೇಕು. ಎಂಟನೇ ತರಗತಿ ಮುಗಿದ ಬೇಸಿಗೆಯಿಂದಲೇ ಲೆಕ್ಕ ಶುರುಮಾಡಬಹುದು. ನಮ್ಮವರಲ್ಲಿ ಹೆಚ್ಚಿನವರು ಹನ್ನೆರಡನೇ ತರಗತಿವರೆಗೆ ತಳ್ಳಿಕೊಂಡು ಬಂದು, ಕೊನೆಗೆ ದೇವಸ್ಥಾನದಲ್ಲಿ ಚಪ್ಪಲಿ ಜೋಡಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಅದೂ ಸೇವೆಯೇ, ಇಲ್ಲ ಅನ್ನಲ್ಲ. ಆದರೆ ನನ್ನ ಮಗಳು ಕಣಿವೆಯಲ್ಲಿ ಕಳೆ ಕೀಳುವ ಗುಂಪಿಗೆ ಸೇರಿದಳು. ಕೈಯಲ್ಲಿ ದಪ್ಪ ಗ್ಲೌಸ್, ಬೆನ್ನಿಗೆ ನೀರಿನ ಬಾಟಲಿ. ಗಾರ್ಲಿಕ್ ಮಸ್ಟರ್ಡ್ ಅಂತ ಒಂದು ಗಿಡ ಇದೆ. ಯುರೋಪಿನಿಂದ ಬಂದವರು ಅಡುಗೆಗೆ ಅಂತ ತಂದದ್ದು, ಈಗ ಕಾಡಿನ ನೆಲವನ್ನೇ ನುಂಗುತ್ತಿದೆ. ಬುಡ ಹಿಡಿದು ಬೇರು ಸಮೇತ ಎಳೆಯಬೇಕು, ತುಂಡಾದರೆ ಮತ್ತೆ ಚಿಗುರುತ್ತದೆ. ಕಿತ್ತದ್ದನ್ನು ಅಲ್ಲೇ ಬಿಟ್ಟರೂ ಬೀಜ ಬಲಿಯುತ್ತದೆ, ಚೀಲಕ್ಕೆ ತುಂಬಬೇಕು. ಸಂಜೆ ಬಂದು ಇದನ್ನೆಲ್ಲ ನನಗೇ ಪಾಠ ಹೇಳಿದಳು. ಆಮೇಲೆ ನಮ್ಮ ಹಿತ್ತಲಲ್ಲೂ ಅದೇ ಗಿಡ ತೋರಿಸಿ, "ಅಪ್ಪ, ನೀವು ಇದಕ್ಕೆ ನೀರು ಹಾಕ್ತಾ ಇದ್ರಿ" ಅಂದಳು. ಕಳೆ ಕೀಳುವ ದಿನಗಳನ್ನು ಬೇರೆ ಬೇರೆ ಪರಿಸರ ಗುಂಪುಗಳೂ ನಗರದವರೂ ನಡೆಸುತ್ತಾರೆ. ವಯಸ್ಸಿನ ಮಿತಿ, ಅಪ್ಪಅಮ್ಮಂದಿರ ಸಹಿ ಎಲ್ಲ ಮೊದಲೇ ವಿಚಾರಿಸಿ.

ಈಗ ದುಡ್ಡಿನ ಮಾತು. ಇಲ್ಲಿ ನಮ್ಮವರಿಗೆ ಗೊಂದಲ ಜಾಸ್ತಿ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಂತೆಯಲ್ಲಿ ಕೊಂಡದ್ದಕ್ಕೆ, ಪಾರ್ಕಿಂಗ್‌ಗೆ, ಕಾಫಿಗೆ ತೆರಿಗೆ ರಸೀದಿ ಇಲ್ಲ. ಮಗಳು ಕಿತ್ತ ಕಳೆಗೂ ಇಲ್ಲ. ಸಮಯ ಕೊಟ್ಟರೆ ಅದು ದಾನವಾದರೂ ತೆರಿಗೆ ಇಲಾಖೆಯ ಲೆಕ್ಕಕ್ಕೆ ಬರುವುದಿಲ್ಲ. ನೇರವಾಗಿ ಕೊಟ್ಟ ಹಣಕ್ಕೆ ರಸೀದಿ ಸಿಗುತ್ತದೆ. ಒಂಟಾರಿಯೊದಲ್ಲಿ ವರ್ಷಕ್ಕೆ 500 ಡಾಲರ್ ಕೊಟ್ಟರೆ ಮೊದಲ 200ಕ್ಕೆ ನೂರಕ್ಕೆ 20ರ ಆಸುಪಾಸು, ಉಳಿದ 300ಕ್ಕೆ ನೂರಕ್ಕೆ 40ರಷ್ಟು ತೆರಿಗೆಯಲ್ಲಿ ಕಡಿಮೆಯಾಗುತ್ತದೆ. ಒಟ್ಟು ಸುಮಾರು 160 ಡಾಲರ್. ಅಂದರೆ ನಿಮ್ಮ ಕೈಯಿಂದ ಹೋದದ್ದು 340. ಗಂಡ ಹೆಂಡತಿ ಇಬ್ಬರ ರಸೀದಿಯನ್ನೂ ಒಬ್ಬರ ರಿಟರ್ನಿನಲ್ಲೇ ಹಾಕಿ, ಆಗ 200ರ ಗಡಿ ಒಂದೇ ಸಲ ದಾಟಿದರೆ ಸಾಕು. ಈ ವರ್ಷ ಬೇಡವಾದರೆ ಐದು ವರ್ಷದವರೆಗೆ ಇಟ್ಟುಕೊಂಡು ಆಮೇಲೆ ಬಳಸಬಹುದು. ಹೊಸದಾಗಿ ಬಂದು ಇನ್ನೂ ತೆರಿಗೆಯೇ ಕಟ್ಟದವರಿಗೆ ಇದು ಉಪಯೋಗ. ತೆರಿಗೆ ಇಲ್ಲದಿದ್ದರೆ ವಾಪಸ್ ಕೊಡುವ ದುಡ್ಡಲ್ಲ ಇದು.

ಊರಿನ ಮಠಕ್ಕೆ, ಓದಿದ ಶಾಲೆಗೆ ಕಳಿಸಿದ ಹಣ? ಪುಣ್ಯ ಬರುತ್ತದೆ, ಇಲ್ಲಿ ರಸೀದಿ ಬರುವುದಿಲ್ಲ. ಭಾರತದ 80ಜಿ ತೆರಿಗೆ ರಿಯಾಯಿತಿ ಚೀಟಿ ಹಿಡಿದುಕೊಂಡು ಇಲ್ಲಿ ರಿಟರ್ನ್ ತುಂಬುವವರನ್ನು ನೋಡಿದ್ದೇನೆ. ನಡೆಯಲ್ಲ. ಇಲ್ಲಿನ ಕನ್ನಡ ಸಂಘ, ಭಜನಾ ಮಂಡಳಿಗಳಲ್ಲೂ ನೋಂದಾಯಿತವಾದವು ಮಾತ್ರ ರಸೀದಿ ಕೊಡಬಲ್ಲವು. ಲಾಭ ಇಲ್ಲದ ಸಂಘ ಅಂದ ಮಾತ್ರಕ್ಕೆ ನೋಂದಾಯಿತ ಚಾರಿಟಿ ಆಗುವುದಿಲ್ಲ. ನೋಂದಾಯಿತವಾದರೆ ಒಂಬತ್ತು ಅಂಕಿ, ಆಮೇಲೆ 'ಆರ್‌ಆರ್', ಆಮೇಲೆ ನಾಲ್ಕು ಅಂಕಿಯ ನಂಬರ್ ಇರುತ್ತದೆ. ಕೆನಡಾ ರೆವಿನ್ಯೂ ಏಜೆನ್ಸಿಯ, ಅಂದರೆ ಇಲ್ಲಿನ ತೆರಿಗೆ ಇಲಾಖೆಯ, ಪಟ್ಟಿಯಲ್ಲಿ ಹೆಸರು ಹೊಡೆದರೆ ಎರಡು ನಿಮಿಷದ ಕೆಲಸ. ಅಲ್ಲೇ ಪ್ರತಿ ಚಾರಿಟಿಯ ವರ್ಷದ ಲೆಕ್ಕವೂ ಸಿಗುತ್ತದೆ. ಟಿ3010 ಅಂತ ಅದರ ಹೆಸರು. ಎಷ್ಟು ಬಂತು, ಕೆಲಸಕ್ಕೆ ಎಷ್ಟು ಹೋಯಿತು, ಹಣ ಎತ್ತುವುದಕ್ಕೇ ಎಷ್ಟು ಖರ್ಚಾಯಿತು, ಎಲ್ಲ ಇರುತ್ತದೆ. ಹಣ ಎತ್ತಲು ಮಾಡುವ ಖರ್ಚು, ಹಾಗೆ ಎತ್ತಿದ್ದರಲ್ಲಿ ನೂರಕ್ಕೆ 35ರ ಒಳಗಿದ್ದರೆ ಏಜೆನ್ಸಿ ಸಾಮಾನ್ಯವಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. 70 ದಾಟಿದರೆ ಪ್ರಶ್ನೆ ಏಳುತ್ತದೆ.

ನಾನು ಇದನ್ನೆಲ್ಲ ನೋಡಲು ಶುರುಮಾಡಿದ್ದು ಬಾಗಿಲಿಗೆ ಬಂದ ಒಬ್ಬ ಹುಡುಗನಿಂದ. ಯಾವ ಚಾರಿಟಿ ಅಂತ ಹೇಳುವುದಿಲ್ಲ. ಕೊರೆಯುವ ಚಳಿ, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್ಲೆಟ್. ಇಪ್ಪತ್ತು ಡಾಲರ್ ನೋಟು ಕೊಡಲು ಹೋದೆ. ನಗದು ಬೇಡ ಸಾರ್, ತಿಂಗಳು ತಿಂಗಳು ಕಾರ್ಡಿನಿಂದ ಹೋಗುವ ಹಾಗೆ ಬರೆದುಕೊಡಿ ಅಂದ. ನಿಮ್ಮ ಆಫೀಸು ಎಲ್ಲಿ, ಒಂದು ಸಲ ಬಂದು ನೋಡಬಹುದಾ ಅಂತ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಅವನು ಆ ಚಾರಿಟಿಯವನೇ ಅಲ್ಲ, ಚಂದಾ ಎತ್ತಿಕೊಡುವ ಕಂಪನಿಯ ಸಂಬಳಗಾರ. ಅವನ ಮೇಲೆ ನನಗೆ ಸಿಟ್ಟಿಲ್ಲ, ಒಳಗೆ ಕರೆದು ಚಹಾ ಕೊಟ್ಟು ಕಳಿಸಿದೆ. ಆದರೆ ಗಣೇಶನ ಚಂದಾಕ್ಕೆ ಬರುವ ಹುಡುಗರನ್ನು ಕೂಡ "ಎಲ್ಲಿ ಕೂರಿಸ್ತೀರೋ?" ಅಂತ ಕೇಳುತ್ತೇವೆ, ಅಲ್ವಾ? ಅಷ್ಟನ್ನು ಇಲ್ಲೂ ಕೇಳಬೇಕು.

ಅಂಗಡಿಯ ಕೌಂಟರಿನಲ್ಲಿ "ಚಾರಿಟಿಗೆ ಒಂದು ಡಾಲರ್ ಸೇರಿಸಲಾ?" ಅಂತ ಕೇಳುವುದಕ್ಕೆ ನಾನೀಗ ಬೇಡ ಅನ್ನುತ್ತೇನೆ. ಹಿಂದೆ ಸಾಲಿನಲ್ಲಿರುವವರು ನೋಡಿದರೆ ನೋಡಲಿ. ಆ ಡಾಲರುಗಳನ್ನು ವರ್ಷದ ಕೊನೆಗೆ ಸೇರಿಸಿ ಒಂದೇ ಕಡೆ ಕೊಟ್ಟರೆ ರಸೀದಿಯೂ ಇರುತ್ತದೆ, ಕೊಟ್ಟದ್ದು ಯಾರಿಗೆ ಅಂತ ನೆನಪೂ ಇರುತ್ತದೆ. ಕೆನಡಾಹೆಲ್ಪ್ಸ್ ಎಂಬ ತಾಣದಿಂದ ಕೊಡಬಹುದು. ಇದೂ ಒಂದು ಚಾರಿಟಿಯೇ, 2000ನೇ ಇಸವಿಯಲ್ಲಿ ಕ್ವೀನ್ಸ್ ವಿಶ್ವವಿದ್ಯಾಲಯದ ಮೂವರು ಹುಡುಗರು ಶುರುಮಾಡಿದ್ದು. ಒಂದೇ ಕಡೆ ಎಲ್ಲಾ ರಸೀದಿ ಸಿಗುತ್ತದೆ, ಮಾರ್ಚಿನಲ್ಲಿ ಹುಡುಕಾಡುವ ಗೋಳಿಲ್ಲ. ನೂರಕ್ಕೆ ನಾಲ್ಕರ ಆಸುಪಾಸು ಅವರು ಹಿಡಿದುಕೊಳ್ಳುತ್ತಾರೆ. ದೊಡ್ಡ ಮೊತ್ತವಾದರೆ ಚೆಕ್ ಬರೆದು ನೇರ ಕಳಿಸಿ.

ಪರಿಸರ ಅಷ್ಟು ರುಚಿಸದವರಿಗೆ ಇನ್ನೆರಡು ಹೆಸರು. ಇಲ್ಲಿಯ ಇಟ್ಟಿಗೆ ಹೊತ್ತು ನಿಂತ ಮ್ಯಾಸಿ ಹಾಲ್ ಈಗಲೂ ಚಾರಿಟಿಯ ಕೈಯಲ್ಲೇ ಇದೆ. 1894ರಲ್ಲಿ ಹಾರ್ಟ್ ಮ್ಯಾಸಿ ಎಂಬ ನೇಗಿಲು, ಕೊಯ್ಲು ಯಂತ್ರಗಳ ಕಾರ್ಖಾನೆಯ ಒಡೆಯ ಸತ್ತ ಮಗನ ನೆನಪಿಗೆ ಕಟ್ಟಿಸಿ ಊರಿಗೆ ಕೊಟ್ಟದ್ದು. ದೊಡ್ಡ ದುರಸ್ತಿ ಮುಗಿಸಿ 2021ರಲ್ಲಿ ಮತ್ತೆ ತೆರೆದಿದೆ. ಸಂಗೀತಕ್ಕೆ ಕೊಡಬೇಕು ಅನ್ನುವವರು ಮೊದಲು ಒಂದು ಕಛೇರಿ ಕೇಳಿ ಬನ್ನಿ. ಓದುಬರಹಕ್ಕೆ ಕೊಡಬೇಕು ಅನ್ನುವವರಿಗೆ ಯುನೈಟೆಡ್ ಫಾರ್ ಲಿಟರಸಿ. ಹಳೇ ಹೆಸರು ಫ್ರಾಂಟಿಯರ್ ಕಾಲೇಜ್, 1899ರಿಂದ ಇದೆ. ಆಗ ಅವರ ಮೇಷ್ಟ್ರುಗಳು ಮರ ಕಡಿಯುವವರ, ರೈಲು ಹಳಿ ಹಾಕುವವರ ಜೊತೆ ಹಗಲಿಡೀ ತಾವೂ ಕೂಲಿ ಮಾಡಿ, ರಾತ್ರಿ ಲಾಟೀನಿನ ಬೆಳಕಲ್ಲಿ ಅದೇ ಜನಕ್ಕೆ ಅಕ್ಷರ ಕಲಿಸುತ್ತಿದ್ದರು. ಈಗಲೂ ಅವರಿಗೆ ಮಕ್ಕಳ ಜೊತೆ, ವಲಸೆ ಬಂದವರ ಜೊತೆ ಕೂತು ಓದಿಸುವ ಸ್ವಯಂಸೇವಕರು ಬೇಕು. ನಿವೃತ್ತರಾಗಿ ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಕೂತು ಬೇಜಾರು ಅನ್ನುವ ಮೇಷ್ಟ್ರುಗಳು ನಮ್ಮಲ್ಲೇ ಬೇಕಾದಷ್ಟು ಜನ ಇದ್ದಾರಲ್ಲ.

ಬ್ರಿಕ್ ವರ್ಕ್ಸ್‌ಗೆ ನನ್ನ ಅಂಕ ಐದಕ್ಕೆ ನಾಲ್ಕು. ಗುಂಡಿ, ಕೊಳ, ಗೂಡು, ಇವಕ್ಕೆ ಪೂರ್ತಿ ಅಂಕ. ಒಂದು ಕಳೆದದ್ದು ಬೆಲೆಗೆ. ಪಾರ್ಕಿಂಗ್, ಸಂತೆ, ತಿಂಡಿ ಸೇರಿದರೆ ನಾಲ್ಕು ಜನರ ಸಂಸಾರಕ್ಕೆ ಭಾರವೇ. ಥಾರ್ನ್‌ಕ್ಲಿಫ್ ಪಾರ್ಕ್ ಬಡಾವಣೆಯ ಗೋಪುರ ಮನೆಗಳಲ್ಲಿ ನಮ್ಮ ಕಡೆಯ ದೇಶಗಳ ಜನ ತುಂಬಿದ್ದಾರೆ, ಇಲ್ಲಿಂದ ದೂರವೇನಿಲ್ಲ. ಆದರೂ ಶನಿವಾರದ ಗುಂಪಿನಲ್ಲಿ ಅವರು ಕಾಣುವುದು ಕಡಿಮೆ. ನೀವು ಹೋಗುವಾಗ ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಹೋಗಿ. ಕೊಳದ ಹಿಂದೆ ಕೂರಲು ಬೆಂಚುಗಳಿವೆ, ಹನ್ನೊಂದು ಗಂಟೆಗೆ ಮುಂಚೆ ಖಾಲಿ ಇರುತ್ತವೆ. ಕೊಕ್ಕರೆಗೆ ಅನ್ನ ಹಾಕಬೇಡಿ.